ತಾಯಿಯ ಬಿಪಿ ಇಳಿಯಿತು, ಕೂಸಿನ ಸುದ್ದಿ ಕೇಳಿದವರು ಯಾರು?

ಉಡುಮಲಪೇಟೆ ಸುತ್ತಿನ ಹಳ್ಳಿಗಳಲ್ಲಿ ಒಂದೇ ಬೀದಿಯಲ್ಲಿ ಮೂರು ಮಾತು ಕೇಳಿಬರುತ್ತದೆ. ಅಂಗಡಿಯಲ್ಲಿ ತಮಿಳು, ಆ ಕಡೆಯ ಮನೆಯಲ್ಲಿ ತೆಲುಗು, ಈ ಕಡೆಯ ಮನೆಯಲ್ಲಿ ಕನ್ನಡ. ನಮ್ಮ ಮನೆಯೊಳಗೇ ಎರಡುಂಟು. ಅಪ್ಪನದು ತೆಲುಗು, ಅವ್ವನದು ಕೊಳ್ಳೇಗಾಲದ ಕನ್ನಡ. ಸೋದರಮಾವನ ಮನೆಯಲ್ಲಿದ್ದು ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿದೆ. ಆಮೇಲೆ ಇಲ್ಲಿ ಬಂದು ತೆಂಗು, ಜೋಳ ನೋಡಿಕೊಂಡು, ಸಂಜೆ ಹೊತ್ತು ಎರಡೂ ಮಾತಿನಲ್ಲಿ ನಾಲ್ಕು ಸಾಲು ಪದ್ಯ ಗೀಚುತ್ತಾ ಐವತ್ತು ದಾಟಿದೆ. ವೈದ್ಯದ ಗಂಧ ಇಲ್ಲದವನು ಗರ್ಭಿಣಿಯರ ಕಾಯಿಲೆ ಬಗ್ಗೆ ಯಾಕೆ ಬರೆಯುತ್ತಾನೆ ಎಂದು ಓದುಗರು ಕೇಳಬಹುದು. ನಮ್ಮ ಮನೆಯಲ್ಲಿ ಒಂದೇ ಕಾಯಿಲೆ ಎರಡು ಸಲ ಬಂತು. ಮೊದಲ ಸಲ ಕೂಸನ್ನು ಕಳಕೊಂಡೆವು. ಎರಡನೇ ಸಲ ಕಳಕೊಳ್ಳುವ ಅಂಚಿಗೆ ಹೋಗಿ ಬಂದೆವು. ಎರಡಕ್ಕೂ ನಡುವೆ 36 ವರ್ಷ ಕಳೆದಿದ್ದರೂ ತಪ್ಪಿದ ಜಾಗ ಹೆಚ್ಚುಕಡಿಮೆ ಒಂದೇ. ಆ ಕಾರಣಕ್ಕೆ ಬರೆಯುತ್ತಿದ್ದೇನೆ.

1986. ನಾನು ಪರೀಕ್ಷೆ ಮುಗಿಸಿ ಊರಿಗೆ ಬಂದಿದ್ದೆ. ಅಕ್ಕನಿಗೆ ಚೊಚ್ಚಲು, ಎಂಟು ತಿಂಗಳು. ಕಾಲು ಊದಿತು, ಆಮೇಲೆ ಮುಖ ಊದಿತು. ಬಸುರಿಗೆ ಊತ ಇರೋದೇ, ಬಾರ್ಲಿ ನೀರು ಕುಡಿಸಿ ಅಂದರು ಹಿರಿಯರು. ಒಂದು ಬೆಳಗ್ಗೆ ತಲೆ ಸಿಡಿಯುತ್ತಿದೆ, ಕಣ್ಣು ಮಂಜಾಗಿದೆ ಅಂದವಳಿಗೆ ಮಧ್ಯಾಹ್ನದ ಹೊತ್ತಿಗೆ ಫಿಟ್ಸ್ ಬಂತು. ಬಾಡಿಗೆ ಕಾರಿನಲ್ಲಿ ಕೊಯಮತ್ತೂರಿಗೆ ಒಯ್ದೆವು. ಯಾವ ಆಸ್ಪತ್ರೆ ಎಂದು ಬರೆಯುವುದಿಲ್ಲ, ಅವರು ಅಕ್ಕನ ಜೀವ ಉಳಿಸಿದರು. ಏನೋ ನಿದ್ದೆಯ ಮದ್ದು ಕೊಟ್ಟರು. ಫಿಟ್ಸ್ ನಿಂತಿತು. ಹೊರಗೆ ಕೂತಿದ್ದ ನಮ್ಮ ಅಪ್ಪ ಕೈಮುಗಿದು ಅತ್ತುಬಿಟ್ಟರು. ಮಾರನೇ ದಿನವೆಲ್ಲ ಆಕೆ ಮಂಪರಿನಲ್ಲೇ ಇದ್ದಳು. ಅವಳ ಬಿಪಿ ಎಷ್ಟು ಎಂದು ನಾವು ಹತ್ತು ಸಲ ಕೇಳಿದೆವು. ಹೊಟ್ಟೆಯೊಳಗಿನದು ಹೇಗಿದೆ ಎಂದು ನಾವೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಮೂರನೇ ದಿನ ಹೆರಿಗೆಯಾಯಿತು. ಗಂಡು ಕೂಸು. ಉಸಿರಿರಲಿಲ್ಲ. ಯಾವಾಗ ನಿಂತಿತು ಎಂದು ಗೊತ್ತಾಗಲೇ ಇಲ್ಲ. ಅಕ್ಕನಿಗೆ ಆಮೇಲೆ ಮಕ್ಕಳಾಗಲಿಲ್ಲ.

ಈ ಕಾಯಿಲೆಗೆ ನಮ್ಮ ಕಡೆ ‘ಸನ್ನಿ’ ಅನ್ನುತ್ತಾರೆ, ತಮಿಳಿನಲ್ಲಿ ‘ಜನ್ನಿ’. ತೆಲುಗಿನವರು ‘ಗುರ್ರಪು ವಾತಂ’ ಅಂದರು, ಕುದುರೆ ವಾತ. ಫಿಟ್ಸ್ ಬಂದವಳ ಮೈ ಕುದುರೆಯಂತೆ ಸೆಟೆದು ಒದೆಯುವುದನ್ನು ಕಂಡು ಇಟ್ಟ ಹೆಸರಿರಬೇಕು. ಕನ್ನಡದ ಪುಸ್ತಕಗಳಲ್ಲಿ ‘ಗರ್ಭನಂಜು’ ಎಂದಿದೆ. ಡಾಕ್ಟರುಗಳು ಫಿಟ್ಸ್ ಬರುವ ಮುಂಚಿನ ಹಂತಕ್ಕೆ ಪ್ರೀಎಕ್ಲಾಂಪ್ಸಿಯಾ ಅನ್ನುತ್ತಾರೆ. ಇಪ್ಪತ್ತು ವಾರ ತುಂಬಿದ ಮೇಲೆ ಬಿಪಿ ಏರುತ್ತದೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತದೆ. 160/110 ಮುಟ್ಟಿದರೆ, ಇಲ್ಲವೇ ತಲೆನೋವು, ಕಣ್ಣು ಮಂಜು, ಎದೆಗುಳಿಯ ಕೆಳಗೆ ನೋವು ಶುರುವಾದರೆ ಅದು ತೀವ್ರ ಹಂತ. ಗಮನಿಸಿ, ನಮ್ಮ ಮೂರು ಮಾತಿನ ಹೆಸರುಗಳಲ್ಲೂ ತಾಯಿಯ ಒದ್ದಾಟ ಇದೆ. ಕೂಸಿನ ಸುದ್ದಿ ಒಂದರಲ್ಲೂ ಇಲ್ಲ.

ಮದ್ದಿನ ಚರಿತ್ರೆಯಲ್ಲೂ ಹಾಗೇ ನಡೆಯಿತು. ಮದ್ರಾಸಿನ ಡಾ. ಕೃಷ್ಣ ಮೆನನ್ ಎಂಬ ದೊಡ್ಡ ಪ್ರಸೂತಿ ತಜ್ಞರು 1961ರಲ್ಲಿ ಮೂರು ಮದ್ದು ಬೆರೆಸಿದ ‘ಲಿಟಿಕ್ ಕಾಕ್‌ಟೇಲ್’ ಎಂಬ ಚಿಕಿತ್ಸೆಯನ್ನು ಲೋಕಕ್ಕೆ ತಿಳಿಸಿದರು. ಬಹುಕಾಲ ನಮ್ಮ ದೇಶದಲ್ಲಿ ಅದೇ ನಡೆಯಿತು. ಎಷ್ಟೋ ತಾಯಂದಿರು ಬದುಕಿದರು. ಆದರೆ ತಾಯಿಯನ್ನು ಮಂಪರಿಗೆ ತಳ್ಳುವ ಮದ್ದು ಕೂಸನ್ನೂ ತಳ್ಳುತ್ತದೆ. 1995ರಲ್ಲಿ ಹಲವು ದೇಶಗಳ 1,687 ಹೆಂಗಸರ ಮೇಲೆ ನಡೆದ ಪರೀಕ್ಷೆಯಿಂದ, ಫಿಟ್ಸ್ ಬಂದವರಿಗೆ ಬೇರೆ ಮದ್ದುಗಳಿಗಿಂತ ಮೆಗ್ನೀಸಿಯಂ ಸಲ್ಫೇಟ್ ಮೇಲು ಎಂದು ತೀರ್ಮಾನವಾಯಿತು. ಅದೇನು ಹೊಸ ವಸ್ತುವಲ್ಲ, ನಾವು ತೋಟಕ್ಕೆ ಹಾಕುವ ಮೆಗ್ನೀಸಿಯಂ ಸಲ್ಫೇಟಿನ ಶುದ್ಧ ರೂಪ. ತೆಂಗಿನ ಗರಿ ಹಳದಿಯಾದರೆ ಬುಡಕ್ಕೆ ಹಾಕುತ್ತೇವಲ್ಲ, ಅದು. 2002ರಲ್ಲಿ ‘ಮ್ಯಾಗ್‌ಪೈ’ ಎಂಬ ಪರೀಕ್ಷೆಯ ಫಲ ಬಂತು. 33 ದೇಶ, ಹತ್ತು ಸಾವಿರಕ್ಕೂ ಹೆಚ್ಚು ಗರ್ಭಿಣಿಯರು. ಈ ಮದ್ದು ಕೊಟ್ಟರೆ ಫಿಟ್ಸ್ ಬರುವ ಅಪಾಯ ಅರ್ಧಕ್ಕೂ ಕೆಳಗೆ ಇಳಿಯುತ್ತದೆ ಎಂದು ತಿಳಿಯಿತು. ಅದೇ ಪರೀಕ್ಷೆಯಲ್ಲಿ ಇನ್ನೊಂದು ಮಾತೂ ತಿಳಿಯಿತು, ಅದನ್ನು ಯಾರೂ ಅಷ್ಟು ಗಟ್ಟಿಯಾಗಿ ಹೇಳುವುದಿಲ್ಲ: ಕೂಸು ಸಾಯುವ ಅಪಾಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ತಾಯಿಗೆ ಮದ್ದು ಸಿಕ್ಕಿತು. ಕೂಸಿಗೆ ಇರುವುದು ಕಾವಲು ಮಾತ್ರ. ಸರಿಯಾದ ಹೊತ್ತು ನೋಡಿ ಹೊರಗೆ ತೆಗೆಯುವ ತನಕ ಕಣ್ಣಿಟ್ಟಿರುವ ಕಾವಲು.

ಇದು ನಮ್ಮ ಕಡೆಯ ರೈತರಿಗೆ ಬೇಗ ಅರ್ಥವಾಗುತ್ತದೆ. ಪರಂಬಿಕುಳಂ-ಆಳಿಯಾರ್ ಕಾಲುವೆ ನೀರು ನಾಲ್ಕು ವಲಯಕ್ಕೆ ಸರದಿ ಮೇಲೆ ಬರುತ್ತದೆ. ಕಾಲುವೆಯ ಕೊನೆ ಭಾಗದವರ ಕಷ್ಟ ಕೊನೆ ಭಾಗದವರಿಗೇ ಗೊತ್ತು. ತೂಬಿನ ಹತ್ತಿರ ಒಂದಡಿ ನೀರು ಇಳಿದರೆ ಮೇಲಿನವನಿಗೆ ಏನೂ ಅನ್ನಿಸುವುದಿಲ್ಲ, ಕೊನೆಯ ಹೊಲ ಒಣಗುತ್ತದೆ. ಈ ಕಾಯಿಲೆಯಲ್ಲಿ ಮಾಸಿಗೆ ಹೋಗುವ ರಕ್ತನಾಳಗಳು ಮೊದಲಿಂದಲೇ ಸರಿಯಾಗಿ ಅಗಲವಾಗಿರುವುದಿಲ್ಲವಂತೆ. ಕಿರಿದಾದ ಕಾಲುವೆ, ಜೋರಾದ ಒತ್ತಡ. ಬಿಪಿ ಏರಿದ್ದು ತಾಯಿಯ ಮಿದುಳಿಗೆ ಅಪಾಯ, ಇಳಿಸಲೇಬೇಕು. ಆದರೆ 170 ಇದ್ದದ್ದನ್ನು ದಿಢೀರನೆ 110ಕ್ಕೆ ತಂದರೆ ಕೊನೆಯ ಹೊಲಕ್ಕೆ, ಅಂದರೆ ಕೂಸಿಗೆ, ನೀರು ತಪ್ಪುತ್ತದೆ. ಅದಕ್ಕೇ ಡಾಕ್ಟರುಗಳು 140-150ರ ಹತ್ತಿರ ನಿಧಾನವಾಗಿ ತಂದು ನಿಲ್ಲಿಸಲು ನೋಡುತ್ತಾರೆ. ಹೊರಗೆ ಕೂತ ನಾವು ‘ಇನ್ನೂ ನಾರ್ಮಲ್ ಆಗಿಲ್ವಾ, ಏನು ಡಾಕ್ಟ್ರೋ’ ಎಂದು ಗೊಣಗುತ್ತೇವೆ.

2022ರಲ್ಲಿ ನನ್ನ ಸೊಸೆಗೆ ಇದೇ ಬಂತು. ಅವಳ ತವರು ಕೊಳ್ಳೇಗಾಲದ ಕಡೆಯ ಹಳ್ಳಿ. ಕೊಳ್ಳೇಗಾಲ ತಾಲ್ಲೂಕು 1956ರ ತನಕ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು ಎಂಬುದು ಈಗಿನ ಹುಡುಗರಿಗೆ ತಿಳಿಯದು. ರಾಜ್ಯ ಬೇರೆಯಾದರೂ ಹೆಣ್ಣು ಕೊಟ್ಟು ತರುವುದು ನಿಂತಿಲ್ಲ. ಮದುವೆಯಾಗಿ ಬಂದು ವರ್ಷವಾಗಿತ್ತು, ತಮಿಳು ಇನ್ನೂ ಅಂಗಡಿ ಮಟ್ಟಕ್ಕಷ್ಟೇ. 32ನೇ ವಾರ. ಹಳ್ಳಿಯ ನರ್ಸಮ್ಮ ಬಿಪಿ ನೋಡಿದವಳು ಇನ್ನೊಂದು ಸಲ ನೋಡಿದಳು, 170/112. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎರಡೂ ಕುಂಡೆಗೆ ಐದೈದು ಗ್ರಾಂ ಮೆಗ್ನೀಸಿಯಂ ಸೂಜಿ ಕೊಟ್ಟೇ 108 ಹತ್ತಿಸಿದರು. ನಮ್ಮಕ್ಕನ ಕಾಲದಲ್ಲಿ ಈ ಸೂಜಿ ಹಳ್ಳಿಯಲ್ಲಿ ಇದ್ದಿದ್ದರೆ ಅಂದುಕೊಂಡೆ. ಈ ಒಂದು ವಿಷಯದಲ್ಲಿ ತಮಿಳುನಾಡಿನ ಸರ್ಕಾರಿ ವ್ಯವಸ್ಥೆಗೆ ಕೈಮುಗಿಯಬೇಕು. ಕೈಮುಗಿದೇ ಮುಂದಿನದನ್ನು ಬರೆಯುತ್ತೇನೆ.

ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಸೇರಿಸಿದರು. ಹೆಸರು ಬೇಡ. ಬಿಪಿಗೆ ಮಾತ್ರೆ, ಕೂಸಿನ ಶ್ವಾಸಕೋಶ ಬಲಿಯಲೆಂದು ಹನ್ನೆರಡು ಗಂಟೆಗೊಂದರಂತೆ ನಾಲ್ಕು ಸ್ಟಿರಾಯ್ಡ್ ಸೂಜಿ, ಮೆಗ್ನೀಸಿಯಂ ಮುಂದುವರಿಕೆ. ಮಂಡಿಗೆ ಸುತ್ತಿಗೆ ತಟ್ಟಿ ನೋಡುವುದು, ಉಸಿರು ಎಣಿಸುವುದು, ಗಂಟೆಗೆಷ್ಟು ಮೂತ್ರ ಬಂತೆಂದು ಅಳೆಯುವುದು, ಇವೆಲ್ಲ ಮೆಗ್ನೀಸಿಯಂ ಮಿತಿ ಮೀರಿತೇ ಎಂದು ತಿಳಿಯುವುದಕ್ಕೆ. ಹೊಟ್ಟೆಗೆ ಬೆಲ್ಟ್ ಕಟ್ಟಿ ಕೂಸಿನ ಎದೆಬಡಿತವನ್ನು ಉದ್ದನೆ ಕಾಗದದ ಮೇಲೆ ಬರೆಸುವ ಯಂತ್ರವೂ ಇತ್ತು. ಮೊದಲ ದಿನ ಕಟ್ಟಿದರು, ಚೆನ್ನಾಗಿದೆ ಅಂದರು. ಒಳಗೆ ಜೊತೆಗಿರಲು ಒಬ್ಬ ಹೆಂಗಸಿಗೆ ಮಾತ್ರ ಅವಕಾಶ. ನನ್ನ ಹೆಂಡತಿಗೆ ಮಂಡಿ ನೋವು, ಅಕ್ಕ ಕೂತಳು.

ಎರಡನೇ ದಿನ ಮಧ್ಯಾಹ್ನ ಅಕ್ಕ ಊಟಕ್ಕೆಂದು ಹೊರಗೆ ಬಂದಿದ್ದಾಗ ನರ್ಸು ಬಂದು ಕೇಳಿದ್ದಾಳೆ, ‘ಕುಳಂದೈ ಅಸೈಯುದಾ?’ ಕೂಸು ಅಲ್ಲಾಡುತ್ತಿದೆಯಾ ಎಂದರ್ಥ. ನಮ್ಮ ಹುಡುಗಿಗೆ ಕೇಳಿಸಿದ್ದು ‘ಆಸೆ’. ಬಸುರಿ ಹೆಂಗಸಲ್ಲವೇ, ಏನಾದರೂ ತಿನ್ನುವ ಆಸೆಯಿದೆಯಾ ಎಂದು ಕೇಳುತ್ತಿದ್ದಾರೆ ಅಂದುಕೊಂಡಳು. ಇಲ್ಲವೆಂದರೆ ಬೇಜಾರು ಮಾಡಿಕೊಂಡಾರು ಎಂದು ನಕ್ಕು ತಲೆ ಆಡಿಸಿದಳು. ನರ್ಸು ಬರೆದುಕೊಂಡು ಹೋದಳು. ಸಂಜೆ ಇನ್ನೊಬ್ಬಳು ಬಂದಳು, ಅದೇ ಪ್ರಶ್ನೆ, ಅದೇ ತಲೆ ಆಡಿಸುವಿಕೆ. ಕೇಸ್ ಶೀಟಿನಲ್ಲಿ ಎರಡು ಸಲ ಚೆನ್ನಾಗಿದೆ ಎಂದಾಯಿತು. ಬಿಪಿ 146ಕ್ಕೆ ಇಳಿದಿತ್ತು. ಹೊರಗೆ ಬೆಂಚಿನ ಮೇಲೆ ನಾನು, ಮಗ ಕಾಫಿ ಕುಡಿದು ನಿರಾಳವಾಗಿದ್ದೆವು. ನಮ್ಮಪ್ಪ 1986ರಲ್ಲಿ ಕೂತ ಹಾಗೇ ಕೂತಿದ್ದೆವು.

ಏಳು ಗಂಟೆಗೆ ಅಕ್ಕ ಅವಳ ತಲೆ ಬಾಚುತ್ತಾ ಕೇಳಿದಳಂತೆ, ‘ಕೂಸು ಮಿಸುಕಾಡ್ತಾ ಅದೇನವ್ವಾ?’

‘ಬೆಳಗ್ಗಿಂದ ಅಷ್ಟಾಗಿ ಇಲ್ಲ ಕಣತ್ತೆ. ಮದ್ದಿಗೆ ಮಲಗದೆ ಅಂದ್ಕೊಂಡೆ.’

ಅಕ್ಕ ಬಾಚಣಿಗೆ ಅಲ್ಲೇ ಬಿಟ್ಟು ಓಡಿದ್ದಾಳೆ. ಈ ಊರಿಗೆ ಮದುವೆಯಾಗಿ ಬಂದು ನಲವತ್ತು ವರ್ಷದ ಹತ್ತಿರ, ತಮಿಳು ಅವಳಿಗೆ ನೀರು ಕುಡಿದ ಹಾಗೆ. ಮೆಲ್ಲಗೆ ಹೇಳುವವಳೂ ಅಲ್ಲ.

ಐದು ನಿಮಿಷದಲ್ಲಿ ಬೆಲ್ಟ್ ಕಟ್ಟಿದರು. ನೆಮ್ಮದಿಯಾಗಿರುವ ಕೂಸಿನ ಎದೆಬಡಿತ ನಿಮಿಷಕ್ಕೆ 110ರಿಂದ 160ರೊಳಗೆ ಇರುತ್ತದೆ. ಒಂದೇ ಮಟ್ಟದಲ್ಲಿರುವುದಿಲ್ಲ, ಸಣ್ಣಗೆ ಏರಿಳಿಯುತ್ತಾ ಇರಬೇಕು, ಕೂಸು ಮಿಸುಕಿದಾಗ ಸ್ವಲ್ಪ ಹೊತ್ತು ಮೇಲೇರಿ ಇಳಿಯಬೇಕು. ಆ ದಿನದ ಕಾಗದದಲ್ಲಿ ಗೆರೆ ಗದ್ದೆಯ ಬದುವಿನಂತೆ ಚಪ್ಪಟೆ. ಇಲ್ಲೇ ತೊಡಕು ಇರುವುದು. ಮೆಗ್ನೀಸಿಯಂ ಕೂಡ ಈ ಗೆರೆಯನ್ನು ಒಂದಿಷ್ಟು ಚಪ್ಪಟೆ ಮಾಡುತ್ತದಂತೆ. ಕೂಸು ಮಲಗಿದ್ದರೂ ಹಾಗೇ ಕಾಣುತ್ತದೆ. ಮದ್ದಿನದೋ, ನಿದ್ದೆಯದೋ, ಕೂಸು ಸೋಲುತ್ತಿರುವುದೋ ಎಂದು ಕಾಗದ ಒಂದರಿಂದ ಹೇಳಲಾಗದು. ಅದಕ್ಕೆ ಡಾಕ್ಟರಮ್ಮ ಕೂಡಲೇ ಸ್ಕ್ಯಾನ್ ಯಂತ್ರ ತರಿಸಿದರು. ಕೂಸಿನ ಸುತ್ತಲ ನೀರು, ಕೈಕಾಲು ಆಡಿಸುವುದು, ಉಸಿರಿನ ಅಭ್ಯಾಸ ನೋಡಿದರು. ಆಮೇಲೆ ಹೊಕ್ಕುಳಬಳ್ಳಿಯಲ್ಲಿ ರಕ್ತ ಹರಿಯುವುದನ್ನು ಡಾಪ್ಲರ್‌ನಲ್ಲಿ ನೋಡಿದರು. ಎದೆ ಒಂದು ಸಲ ಬಡಿದು ಮತ್ತೊಂದು ಸಲ ಬಡಿಯುವ ನಡುವೆಯೂ ರಕ್ತ ಮಾಸಿನ ಕಡೆಗೆ ಹರಿಯುತ್ತಲೇ ಇರಬೇಕು. ಮಾಸು ಕೆಟ್ಟಂತೆಲ್ಲಾ ಆ ನಡುವಿನ ಹರಿವು ತಗ್ಗಿ, ನಿಂತು, ಕೊನೆಗೆ ಹಿಮ್ಮುಖವಾಗುತ್ತದೆ. ನಮ್ಮ ಕೂಸಿನದು ನಿಂತಿತ್ತು. ಹಿಮ್ಮುಖವಾಗಿರಲಿಲ್ಲ. ಇಷ್ಟನ್ನೂ ಆಕೆ ನನಗೆ ತೆಲುಗಿನಲ್ಲಿ ವಿವರಿಸಿದರು. ಅವರ ಮನೆಮಾತೂ ಅದೇ ಎಂದು ಆಗ ತಿಳಿಯಿತು. ‘ಮೊದಲೇ ಚೆಪ್ಪಿ ಉಂಟೇ’ ಅಂದರು. ಮೊದಲೇ ಹೇಳಿದ್ದರೆ ಎಂದು. ಯಾರು ಯಾರಿಗೆ ಹೇಳಬೇಕಿತ್ತು ಎಂಬುದನ್ನು ಅವತ್ತು ಕೇಳಲಿಲ್ಲ.

ನನ್ನ ತಪ್ಪನ್ನೂ ಇಲ್ಲಿ ಬಚ್ಚಿಡಬಾರದು. ಆಪರೇಷನ್ ಈಗಲೇ ಆಗಬೇಕು ಅಂದಾಗ ನಾನು, ಪದ್ಯ ಬರೆಯುವವನು, ಪೇಪರು ಓದುವವನು, ‘ಅಮ್ಮಾ, ನಾಳೆ ಅಮಾವಾಸ್ಯೆ ಕಳೆದುಬಿಡಲಿ’ ಅಂದೆ. ತಮಿಳರಿಗೆ ಅಮಾವಾಸ್ಯೆ ಒಳ್ಳೆಯ ದಿನ, ನಮಗೆ ಆಗದು. ಆಕೆ ಉತ್ತರವನ್ನೇ ಕೊಡಲಿಲ್ಲ, ಮಗನ ಕೈಗೆ ಪೆನ್ನು ಕೊಟ್ಟರು. ಅವನು ನನ್ನ ಮುಖ ನೋಡದೆ ಸಹಿ ಹಾಕಿದ. ರಾತ್ರಿ ಹತ್ತರ ಹೊತ್ತಿಗೆ ಹೆಣ್ಣು ಕೂಸು, ಒಂದು ಕಿಲೋ 350 ಗ್ರಾಂ. ಐದು ವಾರ ಗಾಜಿನ ಪೆಟ್ಟಿಗೆಯಲ್ಲಿತ್ತು. ಈಗ ಕೋಳಿ ಅಟ್ಟುತ್ತಾ ಅಂಗಳದಲ್ಲಿ ಓಡಾಡುತ್ತದೆ.

ನಾನು ಹೇಳಬೇಕೆಂದಿರುವುದು ಇದು. ತೀವ್ರ ಗರ್ಭನಂಜಿನ ಚಿಕಿತ್ಸೆ ನಡೆಯುವಾಗ ಎಲ್ಲರ ಕಣ್ಣೂ ಬಿಪಿ ಯಂತ್ರದ ಮೇಲೆ. ಅದು ಇಳಿದರೆ ಗೆದ್ದೆವು ಅನ್ನುತ್ತೇವೆ. ಆದರೆ ಬಿಪಿ ತಾಯಿಯ ಸುದ್ದಿ ಹೇಳುತ್ತದೆ, ಕೂಸಿನದಲ್ಲ. ಕೂಸಿನ ಸುದ್ದಿ ಹೇಳಲು ಬೆಲ್ಟು, ಸ್ಕ್ಯಾನು, ಡಾಪ್ಲರು ಇವೆ, ಅವು ಬೇಕೇ ಬೇಕು. ಆದರೆ ದಿನದ ಇಪ್ಪತ್ತನಾಲ್ಕು ಗಂಟೆ ಯಾವ ಯಂತ್ರವನ್ನೂ ಕಟ್ಟಿಡುವುದಿಲ್ಲ. ಒಂದು ಸಲ ಬಿಚ್ಚಿ ಇನ್ನೊಂದು ಸಲ ಕಟ್ಟುವ ನಡುವೆ ಕಾವಲಿಗಿರುವವಳು ಒಬ್ಬಳೇ, ಹೊತ್ತವಳು. ಅವಳನ್ನು ಅವಳ ಮಾತಿನಲ್ಲಿ ಕೇಳದಿದ್ದರೆ ಕಾವಲುಗಾರನನ್ನು ನೇಮಿಸಿ ಬಾಯಿ ಕಟ್ಟಿದ ಹಾಗೆ.

ಮಿಸುಕಾಟ ಎಣಿಸಿದರೆ ಸಾಕು, ಎಲ್ಲ ಕೂಸೂ ಉಳಿಯುತ್ತದೆ ಎಂದು ನಾನು ಹೇಳುತ್ತಿಲ್ಲ. 1976ರಿಂದ ಬ್ರಿಟನ್ನಿನಲ್ಲಿ ‘ಹತ್ತರವರೆಗೆ ಎಣಿಸು’ ಎಂಬ ಪದ್ಧತಿ ಬಂತು. 2018ರಲ್ಲಿ ಬ್ರಿಟನ್, ಐರ್ಲೆಂಡಿನ ನಾಲ್ಕು ಲಕ್ಷಕ್ಕೂ ಮಿಕ್ಕಿದ ಬಸಿರುಗಳ ಲೆಕ್ಕ ತೆಗೆದ ದೊಡ್ಡ ಪರೀಕ್ಷೆಯಲ್ಲಿ, ಮಿಸುಕಾಟ ಕಡಿಮೆಯಾದರೆ ಬನ್ನಿ ಎಂದು ಎಲ್ಲ ತಾಯಂದಿರಿಗೂ ತಿಳಿಹೇಳಿದ್ದರಿಂದ ಸತ್ತು ಹುಟ್ಟುವ ಕೂಸುಗಳ ಸಂಖ್ಯೆ ಗಮನಿಸುವಷ್ಟು ಇಳಿಯಲಿಲ್ಲ. ಇದನ್ನು ಮುಚ್ಚಿಡಬಾರದು. ಆದರೆ ಅದು ಎಲ್ಲ ಬಸುರಿಯರ ಲೆಕ್ಕ. ಆಸ್ಪತ್ರೆಯ ಹಾಸಿಗೆಯ ಮೇಲೆ, 170ರ ಬಿಪಿಯೊಂದಿಗೆ ಮಲಗಿದವಳನ್ನು ನರ್ಸು ಹೇಗೂ ಪ್ರಶ್ನೆ ಕೇಳುತ್ತಾಳೆ, ಉತ್ತರವನ್ನು ಹೇಗೂ ಬರೆದುಕೊಳ್ಳುತ್ತಾಳೆ. ಆ ಉತ್ತರ ನಿಜವಾಗಿರಲಿ ಎಂದಷ್ಟೇ ನನ್ನ ವಾದ.

ನಮ್ಮ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ 2014ರಿಂದ 2016ರವರೆಗೆ ಆಶಾ ಕಾರ್ಯಕರ್ತೆಯರ ಕೈಗೆ ಮೊಬೈಲು, ಬಿಪಿ ಯಂತ್ರ ಕೊಟ್ಟು ಮನೆಮನೆಗೆ ಕಳಿಸಿದ ಪ್ರಯೋಗ ನಡೆದಿತ್ತು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯ ಕಾಲೇಜಿನವರು ಅದರಲ್ಲಿದ್ದರು. ಪಾಕಿಸ್ತಾನ, ಮೊಜಾಂಬಿಕ್‌ನಲ್ಲೂ ಅದೇ ಪ್ರಯೋಗ. ಒಟ್ಟು ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ಆದರೆ ಎಂಟು ಅಥವಾ ಹೆಚ್ಚು ಸಲ ಭೇಟಿ ಸಿಕ್ಕವರಲ್ಲಿ ಫಲ ಚೆನ್ನಾಗಿತ್ತು ಎಂದು ವರದಿ. ಯಂತ್ರ ಕೊಟ್ಟರೆ ಸಾಲದು, ಮತ್ತೆ ಮತ್ತೆ ಹೋಗಿ ಮಾತಾಡಿಸಬೇಕು ಎಂದು ನಾನು ಅದನ್ನು ಓದಿಕೊಂಡೆ. ಮಾತಾಡಿಸುವುದು ಎಂದಮೇಲೆ ಯಾವ ಮಾತಿನಲ್ಲಿ ಎಂಬ ಪ್ರಶ್ನೆ ಬಂದೇ ಬರುತ್ತದೆ.

ಇದನ್ನು ಯಾರೂ ಭಾಷಾ ಜಗಳ ಮಾಡಿಕೊಳ್ಳಬೇಡಿ. ಅಸೈಯುದಾ ಎಂದು ಕೇಳಿದ ನರ್ಸು ತನ್ನ ಕೆಲಸ ಮಾಡಿದಳು, ತನಗೆ ಬರುವ ಮಾತಿನಲ್ಲಿ ಮಾಡಿದಳು. ಕೊಳ್ಳೇಗಾಲದ ಆಸ್ಪತ್ರೆಗೆ ನಮ್ಮೂರಿನ ತಮಿಳು ಹುಡುಗಿ ಹೋದರೂ ಇದೇ ಗತಿ, ಬೆಂಗಳೂರಿನಲ್ಲೂ ಇದೇ. ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಲ್ಲಿ ಒಡಿಶಾ, ಬಿಹಾರ, ಜಾರ್ಖಂಡಿನ ಹೆಣ್ಣುಮಕ್ಕಳಿದ್ದಾರೆ. ನಮಗಾದರೂ ಬೀದಿಗೆ ಹತ್ತು ಜನ ನಮ್ಮವರಿದ್ದಾರೆ. ಅವರ ಜೊತೆ ಒಳಗೆ ಕೂರಲು ಅಕ್ಕ ಎಲ್ಲಿಂದ ಬರಬೇಕು?

ಗಡಿಯವರಿಗೆ ಇನ್ನೊಂದು ಪೇಚು ಇದೆ. ಚೊಚ್ಚಲಿಗೆ ಹೆಣ್ಣನ್ನು ಏಳೋ ಎಂಟೋ ತಿಂಗಳಿಗೆ ಸೀಮಂತ ಮಾಡಿ ತವರಿಗೆ ಕಳಿಸುತ್ತೇವೆ. ಈ ಕಾಯಿಲೆ ತಲೆ ಎತ್ತುವುದೂ ಹೆಚ್ಚಾಗಿ ಆ ತಿಂಗಳುಗಳಲ್ಲೇ, ಚೊಚ್ಚಲಿನವರಿಗೇ ಹೆಚ್ಚು. ಇಲ್ಲಿ ತಮಿಳುನಾಡಿನ ಪಿಕ್ಮಿ ನಂಬರಿನ ಪುಸ್ತಕ, ಅಲ್ಲಿ ಕರ್ನಾಟಕದ ತಾಯಿ ಕಾರ್ಡು. ದಿಂಬಂ ಘಾಟಿಯ 27 ತಿರುವು ದಾಟಿದರೆ ಇಲ್ಲಿ ಬರೆದದ್ದನ್ನು ಅಲ್ಲಿ ಓದುವವರಿಲ್ಲ. ಅಂಕಿ ಒಂದೇ ಆದರೂ ಪಕ್ಕದ ಟಿಪ್ಪಣಿ ಬೇರೆ ಲಿಪಿ. ಕಳಿಸುವ ಮುಂಚೆ ಹಿಂದಿನ ಮೂರು ಸಲದ ಬಿಪಿಯನ್ನು ಒಂದು ಚೀಟಿಯಲ್ಲಿ ಬರೆಸಿ ಕೊಡಿ, ಬಿಪಿ ಏರಿಕೆ ಇದ್ದರೆ ಕಳಿಸಲೇಬೇಡಿ ಎಂದು ಈಗ ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ. ಶಾಸ್ತ್ರ ತಪ್ಪುತ್ತದೆ ಎಂದು ಬೈಸಿಕೊಂಡದ್ದೂ ಇದೆ.

ಕಳೆದ ವರ್ಷ ಉಡುಮಲಪೇಟೆಯ ಒಂದು ಪ್ರೆಸ್ಸಿನಲ್ಲಿ ಅರ್ಧ ಹಾಳೆ ಅಚ್ಚು ಹಾಕಿಸಿದೆ. ಕನ್ನಡ, ತೆಲುಗು, ತಮಿಳು, ಪಕ್ಕಪಕ್ಕ ಮೂರು ಕಂಬ. ಕನ್ನಡಕ್ಕೆ ‘ಚಲನೆ’ ಎಂದು ಹಾಕಿದ್ದೆ, ಅಕ್ಕ ಹೊಡೆದು ಹಾಕಿದಳು, ‘ಮಿಸುಕು’ ಅನ್ನು, ಚಲನೆ ಬಸ್ಸಿಗಿರ್ತದೆ ಅಂದಳು. ತೆಲುಗಿಗೆ ‘ಕದಲಿಕ’, ತಮಿಳಿಗೆ ‘ಅಸೈವು’. ಪ್ರಶ್ನೆ ಮೂರೇ ಇದ್ದವು: ತಲೆನೋವಿದೆಯಾ, ಕಣ್ಣು ಮಂಜಾಗಿದೆಯಾ, ಕೂಸು ಮಿಸುಕುತ್ತಿದೆಯಾ. ನಮ್ಮ ಹಳ್ಳಿಯ ನರ್ಸಮ್ಮ ನೋಡಿ ಮೂರನೆಯದನ್ನು ತಿದ್ದಿಸಿದರು. ಹೌದು-ಇಲ್ಲ ಅನ್ನುವ ಪ್ರಶ್ನೆ ಕೇಳಿದರೆ ಎಲ್ಲರೂ ತಲೆ ಆಡಿಸುತ್ತಾರಂತೆ. ಈಗ ‘ಕೂಸು ಕೊನೆಗೆ ಮಿಸುಕಿದ್ದು ಎಷ್ಟು ಗಂಟೆಗೆ?’ ಎಂದಿದೆ. ಇನ್ನೂರು ಹಾಳೆ ಮುಗಿದಿವೆ. ಒಡಿಯಾ ಮತ್ತು ಹಿಂದಿ ಕಂಬ ಸೇರಿಸಬೇಕೆಂದಿದ್ದೇನೆ, ಆ ಊರುಗಳಲ್ಲಿ ಮಿಸುಕಿಗೆ ಹೆಂಗಸರು ಏನನ್ನುತ್ತಾರೆ ಎಂದು ಬಲ್ಲವರು ಯಾರಾದರೂ ತಿಳಿಸಿದರೆ ಉಪಕಾರ.